ವಿಪತ್ತು ಬರುವ ಮುನ್ನ: ಸರಕಾರದ ನೀತಿ, ನಮ್ಮ ಹೊಣೆ

ಪ್ರಕೃತಿಯ ಮುನಿಸನ್ನು ತಡೆಯುವ ಶಕ್ತಿ ಮಾನವನಿಗಿಲ್ಲ. ಆದರೆ ಆ ಮುನಿಸಿಗೆ ಎಷ್ಟು ಜನ ಬಲಿಯಾಗಬೇಕೆಂಬುದು ಬಹುಮಟ್ಟಿಗೆ ನಾವು ಕಟ್ಟುವ ಮನೆ, ನಾವು ಮಾಡುವ ಕಾನೂನು ಮತ್ತು ನಾವು ಇಟ್ಟುಕೊಳ್ಳುವ ಎಚ್ಚರವನ್ನು ಅವಲಂಬಿಸಿದೆ. ‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು’ ಎಂಬ ಗಾದೆ ನಮ್ಮ ಹಿರಿಯರ ಅನುಭವದ ಮಾತು. ಬೆಂಕಿ ಬೀಳುವ ಮುನ್ನವೇ ಬಾವಿ ತೋಡುವ ಕೆಲಸಕ್ಕೆ ಇಂದು ‘ವಿಪತ್ತು ನಿರ್ವಹಣೆ’ ಎಂಬ ಹೆಸರಿದೆ. ಈ ವಿಷಯದಲ್ಲಿ ಸರಕಾರದ ನೀತಿ ಹೇಗೆ ಬೆಳೆದು ಬಂದಿತು, ಅದರಲ್ಲಿ ನಮ್ಮ ಕುಟುಂಬಗಳಿಗೆ ಇರುವ ಹಕ್ಕು ಯಾವುದು, ಹೊಣೆ ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಕಿಲ್ಲಾರಿ ಕಲಿಸಿದ ಪಾಠ

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ. ಗಣೇಶ ವಿಸರ್ಜನೆಯನ್ನು ಮುಗಿಸಿಕೊಂಡು ಬಂದ ಜನ ಗಾಢ ನಿದ್ರೆಯಲ್ಲಿದ್ದರು. ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ ಮಹಾರಾಷ್ಟ್ರದ ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ನೆಲ ನಡುಗಿತು. ಕಿಲ್ಲಾರಿ ಗ್ರಾಮವೂ ಅದರ ಸುತ್ತಲಿನ ಹಳ್ಳಿಗಳೂ ನೆಲಸಮವಾದವು. ಹತ್ತು ಸಾವಿರದ ಸಮೀಪ ಜನ ಪ್ರಾಣ ಕಳೆದುಕೊಂಡರು. ಇಂದು ಧಾರಾಶಿವ ಎಂದು ಕರೆಯಲಾಗುವ ಉಸ್ಮಾನಾಬಾದ್ ಜಿಲ್ಲೆಯೂ ಲಾತೂರೂ ನಮ್ಮ ಬೀದರ, ಕಲಬುರಗಿ ಸೀಮೆಗೆ ಹೊಂದಿಕೊಂಡ ನಾಡು. ಬೀಗತನ, ವ್ಯಾಪಾರ, ಜಾತ್ರೆಗಳ ಮೂಲಕ ಬೆಸೆದುಕೊಂಡ ನಾಡು. ಅಲ್ಲಿನ ದುಃಖ ನಮ್ಮ ಅನೇಕ ಮನೆಗಳ ದುಃಖವೂ ಆಗಿತ್ತು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಅಂದಿನ ಭೂಕಂಪ ನಕಾಶೆಯಲ್ಲಿ ಆ ಪ್ರದೇಶವು ಅತ್ಯಂತ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. ಮುಂದೆ 2002ರಲ್ಲಿ ನಕಾಶೆಯನ್ನು ಪರಿಷ್ಕರಿಸಿದಾಗ 1ನೇ ವಲಯವನ್ನೇ ತೆಗೆದುಹಾಕಿ, ಲಾತೂರು ಭಾಗವನ್ನು 3ನೇ ವಲಯಕ್ಕೆ ಸೇರಿಸಲಾಯಿತು. ‘ನಮ್ಮ ಊರಿಗೆ ಏನೂ ಆಗದು’ ಎಂಬ ನಂಬಿಕೆಗೆ ಆಧಾರವಿಲ್ಲ ಎಂಬುದನ್ನು ಸರಕಾರದ ನಕಾಶೆಯೇ ಒಪ್ಪಿಕೊಂಡಂತಾಯಿತು.

ಎರಡನೆಯದು, ಜನರನ್ನು ಕೊಂದದ್ದು ಭೂಮಿಯಲ್ಲ, ಮನೆ. ದಪ್ಪನೆಯ ಕಲ್ಲುಗೋಡೆ, ಕಲ್ಲುಗಳ ನಡುವೆ ಕೇವಲ ಮಣ್ಣು, ಅದರ ಮೇಲೆ ಮರದ ತೊಲೆ, ತೊಲೆಗಳ ಮೇಲೆ ಮಣ್ಣಿನ ಮಾಳಿಗೆ. ಸೋರದಿರಲೆಂದು ವರ್ಷವರ್ಷವೂ ಹೊಸ ಮಣ್ಣು ಹಾಕಿ ಮಾಳಿಗೆಯ ಭಾರ ಹೆಚ್ಚುತ್ತಲೇ ಹೋಗಿತ್ತು. ನೆಲ ಅಲುಗಿದಾಗ ಗೋಡೆಯ ಒಳಮುಖ ಹೊರಮುಖಗಳು ಬೇರ್ಪಟ್ಟು, ಆ ಭಾರವೆಲ್ಲ ಮಲಗಿದವರ ಮೇಲೆ ಬಿದ್ದಿತು. ಇಂತಹ ಮನೆಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಇವೆ. ಅವುಗಳನ್ನು ಕೆಡವಲೇಬೇಕೆಂದಿಲ್ಲ. ಹಳೆಯ ಮಣ್ಣನ್ನು ತೆಗೆಸಿ ಮಾಳಿಗೆಯ ಭಾರ ಇಳಿಸುವುದು, ಗೋಡೆಯ ಎರಡೂ ಮುಖಗಳನ್ನು ಹಿಡಿದಿಡುವಷ್ಟು ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಕೂರಿಸುವುದು, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಗೋಡೆಗಳ ಸುತ್ತ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಕಟ್ಟಿಸುವುದು, ಈ ಮೂರು ಕೆಲಸಗಳಿಂದ ಮನೆಯ ಬಲ ಬಹಳಷ್ಟು ಹೆಚ್ಚುತ್ತದೆ.

ಪರಿಹಾರದಿಂದ ಪೂರ್ವಸಿದ್ಧತೆಯ ಕಡೆಗೆ

ಬಹುಕಾಲ ನಮ್ಮ ಸರಕಾರಗಳು ವಿಪತ್ತನ್ನು ಬರಗಾಲದ ದೃಷ್ಟಿಯಿಂದಲೇ ನೋಡುತ್ತಿದ್ದವು. ಕೇಂದ್ರದಲ್ಲಿ ಈ ವಿಷಯ ಕೃಷಿ ಸಚಿವಾಲಯದ ಕೈಯಲ್ಲಿತ್ತು. ಕೇಡು ಸಂಭವಿಸುವುದು, ಸಚಿವರು ಭೇಟಿ ನೀಡುವುದು, ಪರಿಹಾರ ಘೋಷಿಸುವುದು, ಇದೇ ಕ್ರಮವಾಗಿತ್ತು. 1999ರ ಅಕ್ಟೋಬರ್ 29ರ ಒಡಿಶಾದ ಮಹಾ ಚಂಡಮಾರುತದಲ್ಲಿ ಹತ್ತು ಸಾವಿರದಷ್ಟು ಜನ ಮಡಿದರು. 2001ರ ಗಣರಾಜ್ಯೋತ್ಸವದ ದಿನವೇ ಗುಜರಾತಿನ ಭುಜ್ ಭೂಕಂಪಕ್ಕೆ ತುತ್ತಾಯಿತು. 2002ರಲ್ಲಿ ವಿಷಯವನ್ನು ಗೃಹ ಸಚಿವಾಲಯಕ್ಕೆ ಒಪ್ಪಿಸಲಾಯಿತು. ಪ್ರಜೆಯ ಪ್ರಾಣರಕ್ಷಣೆಯು ದೇಶದ ಆಂತರಿಕ ಭದ್ರತೆಯ ಭಾಗವೇ ಎಂಬ ತಿಳಿವಳಿಕೆ ಈ ಬದಲಾವಣೆಯಲ್ಲಿ ಅಡಗಿದೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಡಮಾಡುವಂತಿರಲಿಲ್ಲ. 2005ರ ಡಿಸೆಂಬರಿನಲ್ಲಿ ವಿಪತ್ತು ನಿರ್ವಹಣಾ ಅಧಿನಿಯಮ ಬಂದಿತು.

ಈ ಕಾನೂನಿನಂತೆ ರಾಷ್ಟ್ರೀಯ ಪ್ರಾಧಿಕಾರಕ್ಕೆ ಪ್ರಧಾನಮಂತ್ರಿಗಳು, ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಗಳು, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. 2006ರಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ರೂಪುಗೊಂಡಿತು. ಎಂಟು ತುಕಡಿಗಳಿಂದ ಆರಂಭವಾದ ಅದು ಇಂದು ಹದಿನಾರು ತುಕಡಿಗಳ ಪಡೆಯಾಗಿ ಬೆಳೆದಿದೆ. 2009ರಲ್ಲಿ ರಾಷ್ಟ್ರೀಯ ನೀತಿ ಪ್ರಕಟವಾಯಿತು. ಆದರೆ ಕಾನೂನು ಕೇಳಿದ್ದ ರಾಷ್ಟ್ರೀಯ ಯೋಜನೆ ಸಿದ್ಧವಾದದ್ದು 2016ರಲ್ಲಿ. ಕಾನೂನಿಗೂ ಯೋಜನೆಗೂ ನಡುವೆ ಹತ್ತು ವರ್ಷಗಳಿಗೂ ಹೆಚ್ಚಿನ ಅಂತರ! ಕಾಗದದ ಮೇಲಿನ ಸಂಕಲ್ಪ ಕಾರ್ಯರೂಪಕ್ಕೆ ಇಳಿಯಲು ನಮ್ಮಲ್ಲಿ ಎಷ್ಟು ಕಾಲ ಬೇಕೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಹಾಗೆಂದು ಫಲ ಸಿಕ್ಕಿಲ್ಲವೆನ್ನುವುದು ಅನ್ಯಾಯವಾದೀತು. ಅದೇ ಒಡಿಶಾದಲ್ಲಿ 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಉಗ್ರ ಚಂಡಮಾರುತ ಅಪ್ಪಳಿಸಿತು. ಮುನ್ಸೂಚನೆ ಸಮಯಕ್ಕೆ ದೊರೆಯಿತು. ಆಶ್ರಯ ಕಟ್ಟಡಗಳು ಮೊದಲೇ ಸಿದ್ಧವಿದ್ದವು. ಹಳ್ಳಿಯ ಸ್ವಯಂಸೇವಕರು ಮನೆಮನೆಗೆ ಹೋಗಿ ಜನರನ್ನು ಎಬ್ಬಿಸಿದರು. ಸುಮಾರು ಹತ್ತು ಲಕ್ಷ ಜನರನ್ನು ಸ್ಥಳಾಂತರಿಸಲಾಯಿತು. ಸತ್ತವರ ಸಂಖ್ಯೆ ಐವತ್ತನ್ನು ದಾಟಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಗಾಳಿಯ ಸ್ವಭಾವ ಬದಲಾಗಿರಲಿಲ್ಲ, ಜನರ ಸಿದ್ಧತೆ ಬದಲಾಗಿತ್ತು.

ನಮ್ಮ ನಾಡಿನ ಸ್ಥಿತಿ

ಈ ಕ್ಷೇತ್ರದಲ್ಲಿ ಕರ್ನಾಟಕ ಹಿಂದುಳಿದಿದೆ ಎನ್ನಲಾಗದು. 1988ರಲ್ಲೇ ನಮ್ಮ ರಾಜ್ಯವು ದೇಶದಲ್ಲಿ ಮೊದಲ ಬಾರಿಗೆ ಬರ ನಿಗಾ ಘಟಕವನ್ನು ಸ್ಥಾಪಿಸಿತು. 2007ರಲ್ಲಿ ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಗ್ರಾಮ ಪಂಚಾಯತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳ ಜಾಲವನ್ನು ಅದು ಹರಡಿದೆ. ಹೊಲದಲ್ಲಿರುವ ರೈತನಿಗೆ ಸಿಡಿಲಿನ ಮುನ್ಸೂಚನೆ ನೀಡಲು ‘ಸಿಡಿಲು’ ಎಂಬ ಮೊಬೈಲ್ ತಂತ್ರಾಂಶವನ್ನೂ ರೂಪಿಸಿದೆ.

ಆದರೂ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಹಾಪೂರವನ್ನು ನಾವು ಮರೆಯುವಂತಿಲ್ಲ. ಬರದ ನಾಡೆಂದೇ ಹೆಸರಾದ ರಾಯಚೂರು, ವಿಜಯಪುರ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ ಸೀಮೆಗಳಲ್ಲಿ ಎಡೆಬಿಡದೆ ಮಳೆ ಸುರಿಯಿತು. ಕೃಷ್ಣೆ, ತುಂಗಭದ್ರೆ, ಮಲಪ್ರಭೆ, ಡೋಣಿಗಳು ಉಕ್ಕಿದವು. ನೆನೆದ ಮಣ್ಣಿನ ಮನೆಗಳು ಕುಸಿದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮತ್ತೆ 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದೀತೀರದ ಊರುಗಳು ಮುಳುಗಿದವು. ಕಿಲ್ಲಾರಿಯಲ್ಲಿ ನೆಲ ಅಲುಗಿ ಬಿದ್ದ ಮಾಳಿಗೆಯೇ ಇಲ್ಲಿ ನೀರು ಕುಡಿದು ಬಿದ್ದಿತು ಎಂಬುದನ್ನು ಮನೆಯ ಯಜಮಾನರು ಗಮನಿಸಬೇಕು.

ಜಾತ್ರೆಯ ಜನಸಂದಣಿ

ವಿಪತ್ತೆಂದರೆ ಮಳೆ, ಭೂಕಂಪಗಳು ಮಾತ್ರವಲ್ಲ. 2005ರ ಜನವರಿ 25ರಂದು ಸಾತಾರಾ ಜಿಲ್ಲೆಯ ಮಾಂಢರದೇವಿ ಜಾತ್ರೆಯಲ್ಲಿ ಕಡಿದಾದ, ಇಕ್ಕಟ್ಟಾದ ದಾರಿಯಲ್ಲಿ ಕಾಲ್ತುಳಿತವಾಗಿ ಸುಮಾರು ಮುನ್ನೂರು ಭಕ್ತರು ಅಸುನೀಗಿದರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಹನ್ನೊಂದು ಜನ ಹೀಗೆಯೇ ಮಡಿದರು. ರಾಷ್ಟ್ರೀಯ ಪ್ರಾಧಿಕಾರವು 2014ರಲ್ಲೇ ಜನಸಂದಣಿಯ ನಿರ್ವಹಣೆಗಾಗಿ ಮಾರ್ಗದರ್ಶಿಯನ್ನು ಹೊರತಂದಿದೆ. ರಥೋತ್ಸವ, ಸಾಮೂಹಿಕ ವಿವಾಹ, ಪುರಾಣ ಮಂಗಲಗಳಿಗೆ ಸಾವಿರಾರು ಜನರನ್ನು ಕರೆಯುವ ನಮ್ಮ ಸಮಿತಿಗಳು ಇದನ್ನು ಅರಿಯಬೇಕು. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ ಇರಲಿ. ಇಕ್ಕಟ್ಟಿನ ದಾರಿಯಲ್ಲಿ ಅಂಗಡಿ ಹಾಕಲು ಅನುಮತಿ ಬೇಡ. ಅಡುಗೆಯ ಸಿಲಿಂಡರುಗಳು ಪೆಂಡಾಲಿನಿಂದ ದೂರವಿರಲಿ. ಆಂಬುಲೆನ್ಸ್ ಬರುವಷ್ಟು ಜಾಗ ಸದಾ ತೆರವಾಗಿರಲಿ. ಇದೂ ಭಕ್ತಸೇವೆಯೇ.

ಕುಟುಂಬಗಳು ಅರಿಯಬೇಕಾದದ್ದು

ವಿಪತ್ತಿನಲ್ಲಿ ಮಡಿದವರ ಕುಟುಂಬಕ್ಕೆ ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ನಾಲ್ಕು ಲಕ್ಷ ರೂಪಾಯಿ ಪರಿಹಾರವಿದೆ. ಆಶ್ರಯ, ಆಹಾರ, ನೀರು, ಚಿಕಿತ್ಸೆಗಳ ಕನಿಷ್ಠ ಮಟ್ಟವನ್ನು ಗೊತ್ತುಪಡಿಸಬೇಕೆಂದೂ, ವಿಧವೆಯರಿಗೂ ಅನಾಥ ಮಕ್ಕಳಿಗೂ ವಿಶೇಷ ಏರ್ಪಾಡು ಇರಬೇಕೆಂದೂ ಕಾನೂನಿನ 12ನೇ ಪ್ರಕರಣ ಹೇಳುತ್ತದೆ. ಪರಿಹಾರ ನೀಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಆಧಾರದ ಮೇಲೆ ಭೇದ ಮಾಡಕೂಡದೆಂದು 61ನೇ ಪ್ರಕರಣ ಸ್ಪಷ್ಟವಾಗಿ ವಿಧಿಸುತ್ತದೆ. ಸಮಾನತೆಯನ್ನು ಸಾರಿದ ಶರಣರ ನಾಡಿನಲ್ಲಿ ಈ ವಿಧಿ ನಮಗೆ ಹೊಸತೆನಿಸಬಾರದು.

ಆದರೆ ಪರಿಹಾರದ ಹಣ ದಾಖಲೆಯ ಹಿಂದೆಯೇ ನಡೆಯುತ್ತದೆ. ಎಷ್ಟೋ ಮನೆಗಳ ಉತಾರ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿರುತ್ತಾರೆ. ಮನೆ ಬಿದ್ದ ದಿನ ಯಾರ ಹೆಸರಿಗೆ ಪರಿಹಾರ ಎಂಬ ಪ್ರಶ್ನೆ ಎದ್ದು, ನೀರಿನಿಂದ ಪಾರಾದ ಕುಟುಂಬ ಕಚೇರಿಯ ಮೆಟ್ಟಿಲಿನಲ್ಲಿ ಸೋಲುತ್ತದೆ. ಆದ್ದರಿಂದ ಪೌತಿ ಖಾತೆಯನ್ನು ಸಕಾಲದಲ್ಲಿ ಮಾಡಿಸಿಕೊಳ್ಳಿರಿ. ಉತಾರ, ಪಹಣಿ, ಪಡಿತರ ಚೀಟಿ, ಆಧಾರ್, ಬ್ಯಾಂಕಿನ ಪುಸ್ತಕಗಳ ನಕಲುಗಳನ್ನು ನೀರು ಹೋಗದ ಚೀಲದಲ್ಲಿಟ್ಟು, ಒಂದು ಪ್ರತಿಯನ್ನು ಬೇರೆ ಊರಿನ ಬಂಧುಗಳಲ್ಲಿ ಇರಿಸಿರಿ. ತುರ್ತು ಕರೆಗೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ಅಡುಗೆ ಅನಿಲ ಸೋರಿಕೆಗೆ 1906, ಈ ಮೂರು ಸಂಖ್ಯೆಗಳನ್ನು ಮನೆಯ ಮಕ್ಕಳೂ ಬಾಯಿಪಾಠ ಮಾಡಲಿ. ಅನಿಲದ ವಾಸನೆ ಬಂದರೆ ದೀಪದ ಗುಂಡಿಯನ್ನು ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯುವುದನ್ನು ತಾಯಂದಿರು ಎಲ್ಲರಿಗೂ ಕಲಿಸಲಿ.

ಸಮಾಜದ ಕರ್ತವ್ಯ

ಪರಿಹಾರ ಕೇಂದ್ರಗಳಾಗಬಲ್ಲ ಕಟ್ಟಡಗಳನ್ನು ಮೊದಲೇ ಗುರುತಿಸಿಡುವುದು ಜಿಲ್ಲಾ ಪ್ರಾಧಿಕಾರದ ಕೆಲಸವೆಂದು ಕಾನೂನು ಹೇಳುತ್ತದೆ. ನಮ್ಮ ಮಠಗಳು, ಕಲ್ಯಾಣ ಮಂಟಪಗಳು, ವಿದ್ಯಾರ್ಥಿ ನಿಲಯಗಳು ಇದಕ್ಕೆ ಒದಗಬಲ್ಲವು. ಸಾವಿರ ಜನರಿಗೆ ಪ್ರಸಾದ ಸಿದ್ಧಪಡಿಸುವ ಪಾತ್ರೆ, ಒಲೆ, ಕೈಗಳು ನಮ್ಮಲ್ಲಿವೆ. ದಾಸೋಹದ ಪರಂಪರೆ ಇರುವ ಸಮಾಜಕ್ಕೆ ಇದು ಹೊರೆಯಲ್ಲ. ಕೇಡು ಬಂದ ಮೇಲೆ ಓಡಾಡುವ ಬದಲು, ಇಂದೇ ಜಿಲ್ಲಾಧಿಕಾರಿಗಳಿಗೆ ಪತ್ರ ಬರೆದು ‘ನಮ್ಮ ಕಟ್ಟಡವನ್ನು ನಿಮ್ಮ ಯೋಜನೆಯಲ್ಲಿ ಸೇರಿಸಿಕೊಳ್ಳಿ’ ಎಂದು ತಿಳಿಸಬಹುದು. ‘ಆಪದ ಮಿತ್ರ’ ಯೋಜನೆಯಡಿ ಸ್ವಯಂಸೇವಕರಿಗೆ ತರಬೇತಿ ನೀಡಲಾಗಿದೆ. ಅಂತಹ ತರಬೇತಿಯ ಅವಕಾಶ ದೊರೆತಾಗ ನಮ್ಮ ತರುಣ ತರುಣಿಯರು ಮುಂದೆ ಬರಲಿ.

ಮುಂದಿನ ಗ್ರಾಮಸಭೆಯಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ನಮ್ಮ ಊರು ಜಿಲ್ಲಾ ವಿಪತ್ತು ಯೋಜನೆಯಲ್ಲಿ ಯಾವ ಅಪಾಯದ ಪಟ್ಟಿಯಲ್ಲಿದೆ? ನೀರು ಬಂದರೆ ನಾವು ಸೇರಬೇಕಾದ ಜಾಗ ಯಾವುದು? ಮುನ್ನೆಚ್ಚರಿಕೆಯನ್ನು ಮನೆಮನೆಗೆ ಮುಟ್ಟಿಸುವವರು ಯಾರು? ನಡೆಯಲಾಗದ ವೃದ್ಧರನ್ನು, ಬಾಣಂತಿಯರನ್ನು, ಕೊಟ್ಟಿಗೆಯ ದನಕರುಗಳನ್ನು ಕರೆದೊಯ್ಯುವ ಹೊಣೆ ಯಾರದು? ಉತ್ತರ ದೊರೆತರೆ ಊರಿಗೇ ಕ್ಷೇಮ. ದೊರೆಯದಿದ್ದರೆ, ಆ ಸಭೆಯಿಂದಲೇ ಕೆಲಸ ಆರಂಭವಾಗಲಿ. ಸರಕಾರ ಕಾನೂನನ್ನು ಕೊಡಬಲ್ಲದು, ಪಡೆಯನ್ನು ಕಳಿಸಬಲ್ಲದು. ಆದರೆ ಮೊದಲ ಗಳಿಗೆಯಲ್ಲಿ ಕೈ ಹಿಡಿಯುವವರು ಪಕ್ಕದ ಮನೆಯವರೇ. ಆ ಕೈಯನ್ನು ಇಂದೇ ಸಿದ್ಧಗೊಳಿಸುವ ಸದ್ಬುದ್ಧಿ ನಮ್ಮೆಲ್ಲರಿಗೂ ಒದಗಲಿ.