ಬರೆದದ್ದು ಯಾರ ಸ್ವತ್ತು?

ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳತ್ತ ಏರಿಬಂದ ಕಾಲದಲ್ಲಿ, ಪರಿಹಾರದ ಮಾತು ಎದ್ದಾಗ ಮೊದಲು ಕೇಳಿದ್ದು ಉತಾರವನ್ನು: ಹೆಸರು ಯಾರದು? ಆ ಸೀಮೆಯ ಜನರಿಗೆ ಕಾಗದದ ಬೆಲೆಯನ್ನು ಬೇರೆಯವರು ಕಲಿಸಬೇಕಾಗಿಲ್ಲ. ಕಲಾದಗಿಯ ದಾಳಿಂಬೆ ತೋಟದ ಒಡೆಯನೂ ಇಳಕಲ್ಲಿನ ಮಗ್ಗದ ಯಜಮಾನನೂ ತಮ್ಮ ಸ್ವತ್ತಿನ ಪತ್ರಗಳನ್ನು ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಆದರೆ ಅದೇ ಊರಿನಲ್ಲಿ ಹತ್ತು ಕಾದಂಬರಿಗಳನ್ನು ಬರೆದವನ ಮನೆಯಲ್ಲಿ ಹುಡುಕಿದರೆ ಹಾರ, ತುರಾಯಿ, ಸನ್ಮಾನಪತ್ರಗಳು ದೊರೆಯುವುವೇ ಹೊರತು ಪ್ರಕಾಶಕನೊಡನೆ ಮಾಡಿಕೊಂಡ ಕರಾರು ದೊರೆಯುವುದು ಅಪರೂಪ. ತಾನು ಬರೆದದ್ದೂ ಹೊಲ ಮನೆಗಳಂತೆ ಒಂದು ಆಸ್ತಿಯೆಂಬ ಭಾವನೆಯೇ ಅವನಿಗೆ ಬಂದಿರುವುದಿಲ್ಲ.

ವಿಚಿತ್ರವೆಂದರೆ, ಈ ನಾಡಿನ ಕಥಾಸಾಹಿತ್ಯದ ಮೊದಲಿಗರಲ್ಲಿ ಒಬ್ಬರು ವಕೀಲರೇ ಆಗಿದ್ದರು. ಬಾಗಲಕೋಟೆಯಲ್ಲಿ 1866ರಲ್ಲಿ ಜನಿಸಿದ ಕೆರೂರ ವಾಸುದೇವಾಚಾರ್ಯರು 1908ರಲ್ಲಿ ‘ಇಂದಿರೆ’ಯನ್ನು ಕೊಟ್ಟರು, ಶೇಕ್ಸ್‌ಪಿಯರನ ವೆನಿಸ್ಸಿನ ವರ್ತಕನನ್ನು ‘ಸುರತನಗರದ ಶ್ರೇಷ್ಠಿ’ಯನ್ನಾಗಿ ಕನ್ನಡಕ್ಕೆ ಕರೆತಂದರು. ಆ ನಾಟಕದ ತಿರುಳೇ ಒಂದು ಕರಾರು. ಒಂದು ಪೌಂಡು ಮಾಂಸವೆಂದು ಪತ್ರದಲ್ಲಿ ಬರೆದಿತ್ತು, ರಕ್ತವೆಂದು ಬರೆದಿರಲಿಲ್ಲ. ಬರೆಯದೆ ಇದ್ದದ್ದನ್ನು ಸಾಲಗಾರ ಕೊಟ್ಟಂತಾಗಲಿಲ್ಲ. ಗ್ರಂಥಸ್ವಾಮ್ಯದ ವ್ಯವಹಾರವೂ ಬಹುಮಟ್ಟಿಗೆ ಇದೇ ಸೂತ್ರದ ಮೇಲೆ ನಡೆಯುತ್ತದೆ. ಪತ್ರದಲ್ಲಿ ಯಾವ ಹಕ್ಕನ್ನು ಹೆಸರಿಸಿದೆಯೋ ಅದು ಹೋಗುತ್ತದೆ, ಉಳಿದದ್ದು ಬರೆದವನದೇ. “ಸಕಲ ಹಕ್ಕುಗಳನ್ನೂ ಕೊಟ್ಟಿದ್ದೇನೆ” ಎಂಬ ಒಂದೇ ಸಾಲಿಗೆ ಸಂಕೋಚದಿಂದ ಸಹಿ ಹಾಕುವ ಲೇಖಕನಾದರೋ ಮಾಂಸದೊಡನೆ ರಕ್ತವನ್ನೂ ತೂಗಿಕೊಟ್ಟಂತೆಯೇ ಸರಿ.

ಹಕ್ಕುಗಳು ಎಷ್ಟು ಬಗೆಯವೆಂಬುದನ್ನು ತಿಳಿಯಲು ನೆರೆಯ ಬೀಳಗಿಯವರಾದ ಕೃಷ್ಣಮೂರ್ತಿ ಪುರಾಣಿಕರನ್ನು ನೆನೆಯಬೇಕು. ಅವರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಆಗಿ ತೆರೆಗೆ ಬಂದಿತು, ಮರುವರ್ಷ ‘ಕುಲವಧು’, 1977ರಲ್ಲಿ ‘ಸನಾದಿ ಅಪ್ಪಣ್ಣ’. ಇಳಕಲ್ಲಿನ ನೇಕಾರ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾನೆ. ಕೂಡಿದ ಮೇಲೆ ಸೀರೆಯನ್ನು ಹರಿದು ಮಾರಲು ಬಾರದು. ಕಾದಂಬರಿ ಹಾಗಲ್ಲ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುವುದು ಒಂದು ಹಕ್ಕು, ಪುಸ್ತಕವಾಗುವುದು ಮತ್ತೊಂದು, ಅನುವಾದ ಬೇರೆ, ರಂಗಪ್ರಯೋಗ ಬೇರೆ, ಚಲಚ್ಚಿತ್ರ ಬೇರೆ. ಒಂದನ್ನು ಕೊಟ್ಟು ನಾಲ್ಕನ್ನು ಉಳಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

1957ರ ಗ್ರಂಥಸ್ವಾಮ್ಯ ಕಾಯಿದೆ ಬರೆಯುವವನಿಗೆ ವಿರೋಧಿಯಲ್ಲ. ಸ್ವಾಮ್ಯದ ವರ್ಗಾವಣೆ ಲಿಖಿತವಾಗಿ, ಸಹಿಯೊಡನೆ ಇರತಕ್ಕದ್ದು. ಬಾಯಿಮಾತಿನ ವರ್ಗಾವಣೆಗೆ ಬೆಲೆಯಿಲ್ಲ. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಗೌರವಧನ ಎಂಬುದು ಪತ್ರದಲ್ಲಿ ಇರಬೇಕು. ಕಾಲವನ್ನು ಹೇಳದಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ 1994ರ ತಿದ್ದುಪಡಿಯ ಬಳಿಕ ಕಾಯಿದೆಯೇ ತಿಳಿದುಕೊಳ್ಳುತ್ತದೆ. ಹಕ್ಕು ಪಡೆದವನು ಒಂದು ವರ್ಷ ಅದನ್ನು ಬಳಸದೆ ಕುಳಿತರೆ, ಪತ್ರದಲ್ಲಿ ಬೇರೆ ಮಾತಿಲ್ಲದ ಪಕ್ಷಕ್ಕೆ, ಆ ವರ್ಗಾವಣೆ ಬಿದ್ದುಹೋಗುತ್ತದೆ. ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣದಿಂದಲೇ ಸ್ವಾಮ್ಯವುಂಟು. ಹಕ್ಕನ್ನೆಲ್ಲ ಮಾರಿದ ಮೇಲೂ ಕೃತಿಯ ಮೇಲೆ ತನ್ನ ಹೆಸರಿರಬೇಕೆಂದು ಕೇಳುವ ಅಧಿಕಾರ ಮಾತ್ರ ಲೇಖಕನಲ್ಲೇ ನಿಲ್ಲುತ್ತದೆ.

ನಿಜವಾದ ತೊಡಕು ಲೇಖಕ ಕಣ್ಣುಮುಚ್ಚಿದ ಮೇಲೆ ಮೊದಲಾಗುತ್ತದೆ. ಅವನು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಸ್ವಾಮ್ಯವು ವಾರಸುದಾರರದು. ವಾಸುದೇವಾಚಾರ್ಯರು 1921ರಲ್ಲಿ ತೀರಿಕೊಂಡರು. ‘ಇಂದಿರೆ’ಯನ್ನು ಈಗ ಯಾರು ಬೇಕಾದರೂ ಅಚ್ಚು ಹಾಕಬಹುದು. ಪುರಾಣಿಕರು 1985ರಲ್ಲಿ ಅಗಲಿದರು. ಅವರ ಕೃತಿಗಳ ಅವಧಿ 2045ರ ಕೊನೆಯವರೆಗೂ ಉಂಟು. ಅರುವತ್ತು ವರ್ಷವೆಂದರೆ ಎರಡು ತಲೆಮಾರು. ಮೃತ್ಯುಪತ್ರವಿಲ್ಲದ ಹಿಂದೂ ಕುಟುಂಬದಲ್ಲಿ ಈ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇದ್ದರೆ ತಾಯಿ, ಎಲ್ಲರಿಗೂ ಸೇರುತ್ತದೆ. ಒಬ್ಬ ಮಗ ಪುಣೆಯಲ್ಲಿ, ಮಗಳು ಹುನಗುಂದದಲ್ಲಿ, ಇನ್ನೊಬ್ಬ ಸಮುದ್ರದಾಚೆ. ಮರುಮುದ್ರಣದ ಹಕ್ಕು ಕೇಳಿ ಬಂದ ಪ್ರಕಾಶಕ ಇವರೆಲ್ಲರ ಸಹಿಗೆ ಅಲೆದು ಬೇಸತ್ತು ಬೇರೆ ಪುಸ್ತಕವನ್ನು ಅಚ್ಚಿಗೆ ಕೊಡುತ್ತಾನೆ. ಓದುಗರು ಕೇಳುತ್ತಲೇ ಇರುವ ಕಾದಂಬರಿ ಹೀಗೆ ಅಂಗಡಿಯಿಂದ ಮರೆಯಾಗುತ್ತದೆ. ವಿಧವೆಗೆ ಬರಬಹುದಾಗಿದ್ದ ನಾಲ್ಕು ಕಾಸೂ ಬರುವುದಿಲ್ಲ.

ಮತ್ತೊಂದು ಸೂಕ್ಷ್ಮವುಂಟು. ಪ್ರಕಟವಾಗದ ಹಸ್ತಪ್ರತಿಯನ್ನು ಮೃತ್ಯುಪತ್ರದಲ್ಲಿ ಒಬ್ಬರಿಗೆ ಬಿಟ್ಟರೆ, ಬೇರೆ ಇಂಗಿತ ಕಾಣದಿದ್ದಾಗ, ಕಾಗದದ ಕಟ್ಟಿನೊಡನೆ ಅದರ ಸ್ವಾಮ್ಯವೂ ಅವರಿಗೇ ಹೋಗುತ್ತದೆ. “ನನ್ನ ಪುಸ್ತಕ, ಬರಹಗಳೆಲ್ಲ ಸೋದರಳಿಯನಿಗೆ” ಎಂದು ಪ್ರೀತಿಯಿಂದ ಬರೆಯುವವರು ಇದನ್ನು ಅರಿತಿರುವುದು ಒಳ್ಳೆಯದು.

ಮೃತ್ಯುಪತ್ರಕ್ಕೆ ಮುದ್ರೆಯ ಕಾಗದವೂ ಬೇಡ. ಬರೆದವನ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಅದರೊಡನೆ ಕೃತಿಗಳ ಹೆಸರು, ಪ್ರಕಾಶಕರ ಹೆಸರು, ಕೊಟ್ಟ ಹಕ್ಕು, ಉಳಿದ ಹಕ್ಕು, ಕರಾರು ಮುಗಿಯುವ ದಿನ, ಪತ್ರವ್ಯವಹಾರ ನಡೆಸತಕ್ಕ ಒಬ್ಬರ ಹೆಸರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಅದೇ ಟ್ರಂಕಿನಲ್ಲಿ, ಹೊಲದ ಉತಾರದ ಪಕ್ಕದಲ್ಲಿಯೇ ಇಡಬಹುದು.