ಒಂದು ಸ್ಲೀಪರಿಗೆ ನಾಲ್ಕು ಜನ

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬರುವ ಒಳ್ಳೆಯ ದ್ವಿತಳಿ ಗೂಡೊಂದರಿಂದ ಸುಮಾರು ಒಂದು ಕಿಲೋಮೀಟರ್ ಎಳೆ ಬಿಚ್ಚಬಹುದು. ಬೆಂಗಳೂರಿನಿಂದ ಮೈಸೂರಿಗೆ ರೈಲು ದಾರಿ 138 ಕಿಲೋಮೀಟರ್. ಆ ದೂರಕ್ಕೆ ಒಂದೆಳೆ ರೇಷ್ಮೆ ಹಾಸಲು 138 ಗೂಡು ಸಾಕು. ತಕ್ಕಡಿಗೆ ಹಾಕಿದರೆ ಕಾಲು ಕೆ.ಜಿ. ತೂಗಬಹುದು.

ಈಗ ಅದೇ ದೂರಕ್ಕೆ ಉಕ್ಕು ಹಾಸಿ ನೋಡಿ. ಮೀಟರಿಗೆ 60 ಕೆ.ಜಿ. ತೂಗುವ ಹಳಿ, ಜೋಡಿ ಮಾರ್ಗವಾದ್ದರಿಂದ ಒಟ್ಟು ನಾಲ್ಕು ಸಾಲು. 138 ಕಿಲೋಮೀಟರಿಗೆ 33,120 ಟನ್. ಹಳಿಯ ಕೆಳಗಿನ ಸ್ಲೀಪರುಗಳನ್ನು ಇಂದಿನ ರೂಢಿಯಂತೆ ಕಿಲೋಮೀಟರಿಗೆ 1,660 ಎಂದು ಹಿಡಿದರೆ ಒಂದು ಮಾರ್ಗಕ್ಕೇ 2,29,080, ಎರಡಕ್ಕೂ ಸೇರಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಕಾಂಕ್ರೀಟಿನ ಸ್ಲೀಪರ್ ಒಂದೊಂದೂ ಕಾಲು ಟನ್ನಿಗಿಂತ ಭಾರ. ಸ್ಲೀಪರುಗಳ ತೂಕವೇ ಒಂದು ಲಕ್ಷ ಟನ್ ದಾಟುತ್ತದೆ.

ಇಷ್ಟು ಭಾರದ ಮೇಲೆ ಓಡುವ ರೈಲು ಹಳಿಯನ್ನು ಮುಟ್ಟುವುದು ಮಾತ್ರ ಬಹಳ ಕಡಿಮೆ ಜಾಗದಲ್ಲಿ. ಡಬ್ಲ್ಯುಎಪಿ-7 ಎಂಬ ವಿದ್ಯುತ್ ಎಂಜಿನ್ನಿನ ತೂಕ 123 ಟನ್, ಚಕ್ರಗಳು ಹನ್ನೆರಡು. ಒಂದೊಂದು ಚಕ್ರದ ಮೇಲೂ ಹತ್ತು ಟನ್ ಚಿಲ್ಲರೆ. ಚಕ್ರವೂ ಉಕ್ಕು, ಹಳಿಯೂ ಉಕ್ಕು. ಎರಡೂ ಒತ್ತಿಕೊಳ್ಳುವ ಜಾಗ ಹೆಬ್ಬೆರಳ ಉಗುರಿನಷ್ಟು. ಪ್ಲಾಟ್‌ಫಾರಂ ಅಂಚಿಗೆ ಬಂದು ನಿಂತ ಎಂಜಿನ್ ಒಂದು ಬದಿಯಲ್ಲಿ ಇಂಥ ಆರು ಉಗುರುಗಳ ಮೇಲೆ ನಿಂತಿರುತ್ತದೆ, ಇನ್ನೊಂದು ಬದಿಯಲ್ಲಿ ಮತ್ತೆ ಆರು. ಉಕ್ಕಿನ ಮೇಲೆ ಉಕ್ಕು ಉರುಳುವಾಗ ತಡೆ ಬಹಳ ಕಡಿಮೆ ಇರುವುದರಿಂದಲೇ ಒಂದು ಎಂಜಿನ್ ಇಪ್ಪತ್ತಕ್ಕೂ ಹೆಚ್ಚು ಬೋಗಿಗಳನ್ನು ಸಲೀಸಾಗಿ ಎಳೆದೊಯ್ಯುತ್ತದೆ.

ಇದೆಲ್ಲ ಇವತ್ತಿನ ಲೆಕ್ಕ. ಈ ದಾರಿ ಹುಟ್ಟಿದ ಲೆಕ್ಕ ಬೇರೆ, ಅದು ಎದೆ ನಡುಗಿಸುವಂಥದ್ದು.

1864ರಲ್ಲಿ ಜೋಲಾರಪೇಟೆ ಕಡೆಯಿಂದ ರೈಲು ಬೆಂಗಳೂರಿಗೆ ಬಂತು. ಆದರೆ ಅಲ್ಲಿಂದ ಮುಂದೆ ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯ, ಮೈಸೂರು ಎಲ್ಲದಕ್ಕೂ ಎತ್ತಿನ ಗಾಡಿಯೇ ಗತಿ. ಧಾತು, ಈಶ್ವರ ಸಂವತ್ಸರಗಳ ಬರ ಬಡಿದದ್ದು ಆಗ, 1876ರಿಂದ 1878ರವರೆಗೆ. ಮದ್ರಾಸಿನ ಕಡೆಯಿಂದ ಧಾನ್ಯ ಬೆಂಗಳೂರಿನವರೆಗೆ ರೈಲಿನಲ್ಲಿ ಬರುತ್ತಿತ್ತು. ಮುಂದಕ್ಕೆ ಗಾಡಿ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ನಡೆದರೆ ಮೈಸೂರಿಗೆ ಸುಮಾರು ಆರು ದಿನ. ಗಾಡಿ ಎಳೆಯುವ ಎತ್ತುಗಳಿಗೂ ಮೇವು ಬೇಕು. ಬರದಲ್ಲಿ ಜನರಿಗಿಂತ ಮೊದಲು ಸತ್ತದ್ದು ದನಗಳೇ. ಒಂದು ಊರಿನಲ್ಲಿ ಮೂಟೆ ಇದ್ದೂ ಪಕ್ಕದ ಸೀಮೆ ಹಸಿವಿನಿಂದ ಸಾಯುವುದೆಂದರೆ ಇದು. ಇವತ್ತು ಅದೇ ದೂರವನ್ನು ವಂದೇ ಭಾರತ್ ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತದೆ.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ 41,86,188. ಬೆಳೆಯಬೇಕಿದ್ದ ನಾಡಿನಲ್ಲಿ 8,69,224 ಜನ ಕಡಿಮೆಯಾಗಿದ್ದರು. ಮುಖ್ಯ ಕಾರಣ ಆ ಬರ. ಸಾವಿನ ಜೊತೆಗೆ ಗುಳೆ ಹೋದವರೂ, ಹುಟ್ಟಬೇಕಿದ್ದೂ ಹುಟ್ಟದ ಮಕ್ಕಳೂ ಈ ಸಂಖ್ಯೆಯಲ್ಲಿದ್ದಾರೆ.

ಎಂಟು ಲಕ್ಷದ ಅರವತ್ತೊಂಬತ್ತು ಸಾವಿರ ಎಂದರೆ ಮನಸ್ಸಿಗೆ ಏನೂ ಹತ್ತುವುದಿಲ್ಲ. ಅದನ್ನು ಈ ಹಳಿಯ ಮೇಲೆ ಹರವಿ ನೋಡಿ. ಬೆಂಗಳೂರಿನಿಂದ ಮೈಸೂರಿನವರೆಗೆ ಒಂದು ಮಾರ್ಗದ ಸ್ಲೀಪರುಗಳು 2,29,080. ಇಲ್ಲವಾದವರನ್ನು ಅವುಗಳಿಗೆ ಹಂಚಿದರೆ ಒಂದೊಂದಕ್ಕೂ ಹತ್ತಿರ ಹತ್ತಿರ ನಾಲ್ಕು ಜನ. ಸ್ಲೀಪರಿಂದ ಸ್ಲೀಪರಿಗೆ ಇರುವ ಅಂತರ 60 ಸೆಂಟಿಮೀಟರ್, ಒಂದು ಹೆಜ್ಜೆಗಿಂತ ಕಡಿಮೆ. ಆ ಒಂದು ಹೆಜ್ಜೆಗೆ ಒಂದು ಸಂಸಾರ, ಮುಂದಿನ ಹೆಜ್ಜೆಗೆ ಇನ್ನೊಂದು ಸಂಸಾರ, ಹೀಗೆಯೇ 138 ಕಿಲೋಮೀಟರ್.

ಹಳಿಗೂ ಬರಕ್ಕೂ ನಂಟು ಕಟ್ಟಿದವನು ನಾನಲ್ಲ, ಚರಿತ್ರೆಯೇ ಕಟ್ಟಿದೆ. ಬರ ಪರಿಹಾರದ ಕಾಮಗಾರಿಯಾಗಿ ಈ ದಾರಿಯ ಮಣ್ಣು ಕೆಲಸಕ್ಕೆ ಹಸಿದವರನ್ನೇ ಹಚ್ಚಲಾಯಿತು. ಆಗ ಮಣ್ಣು ಅಗೆದು ಹೊತ್ತದ್ದು ಗುದ್ದಲಿ, ಪಿಕಾಸಿ, ಮಂಕರಿ. ಕಟ್ಟೆ ಒಂದೇ ಮೀಟರ್ ಎತ್ತರ, ಮೇಲೆ ನಾಲ್ಕು ಮೀಟರ್ ಅಗಲ, ಇಕ್ಕೆಲದಲ್ಲೂ ಇಳಿಜಾರು ಎಂದು ಹಿಡಿಯಿರಿ. ಒಂದು ಕಿಲೋಮೀಟರಿಗೆ 5,500 ಘನ ಮೀಟರ್ ಮಣ್ಣು ಬೇಕು. ಮಂಕರಿಗೆ 20 ಕೆ.ಜಿ.ಯಂತೆ ತುಂಬಿದರೆ ನಾಲ್ಕು ಲಕ್ಷದ ನಲವತ್ತು ಸಾವಿರ ಮಂಕರಿ. ಒಂದೊಂದನ್ನೂ ಒಬ್ಬರು ತುಂಬಬೇಕು, ಒಬ್ಬರು ತಲೆ ಮೇಲೆ ಎತ್ತಿಕೊಡಬೇಕು, ಒಬ್ಬರು ಹೊತ್ತು ಏರಿ ಸುರಿಯಬೇಕು. ಇದು ಒಂದು ಕಿಲೋಮೀಟರಿಗೆ, ಅದೂ ಹೊಟ್ಟೆಗಿಲ್ಲದ ಮೈಗಳಿಂದ.

ಹಳಿ 1881ರಲ್ಲಿ ಚನ್ನಪಟ್ಟಣ ಮುಟ್ಟಿತು, 1882ರಲ್ಲಿ ಮೈಸೂರು. ಅದೇ 1881ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಮರಳಿತು, ರಂಗಾಚಾರ್ಲು ದಿವಾನರಾದರು. ಅವರ ಕೈಗೆ ಬಂದ ಸಂಸ್ಥಾನದ ತಲೆ ಮೇಲೆ ಬರದ ಸಾಲವೇ 80 ಲಕ್ಷ ರೂಪಾಯಿ. ಈ ರೈಲು ದಾರಿಗೆ ಆದ ಖರ್ಚು ಸುಮಾರು 55 ಲಕ್ಷ, ಕಿಲೋಮೀಟರಿಗೆ 40,000 ರೂಪಾಯಿ. ಅಷ್ಟು ಸಾಲದ ನಡುವೆಯೂ ಕೆಲಸ ನಿಲ್ಲಲಿಲ್ಲ.

ಅಲ್ಲಿಂದೀಚೆಗೆ ದಾರಿ ಬಹುಮಟ್ಟಿಗೆ ಅದೇ, ಮೈ ಮಾತ್ರ ಬದಲಾಗುತ್ತ ಬಂದಿದೆ. 1,000 ಮಿಲಿಮೀಟರಿನ ಮೀಟರ್ ಗೇಜ್ 1990ರ ದಶಕದ ಆರಂಭದಲ್ಲಿ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ಆಮೇಲೆ ಜೋಡಿ ಮಾರ್ಗ, ವಿದ್ಯುತ್ ತಂತಿ. ಜೋಡಿ ಮಾರ್ಗಕ್ಕೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಶಸ್ತ್ರಾಗಾರ ಅಡ್ಡ ಬಂದಾಗ 2017ರಲ್ಲಿ ಅದನ್ನು ಒಡೆಯದೆ ಇಡಿಯಾಗಿ ಎತ್ತಿ ಸರಿಸಿದರು. ಇಟ್ಟಿಗೆ, ಗಾರೆಯ ಆ ಕಟ್ಟಡದ ತೂಕ ಸುಮಾರು 1,000 ಟನ್. ತಳಪಾಯದ ಕೆಳಗೆ ಉಕ್ಕಿನ ತೊಲೆ ತೂರಿಸಿ, ಅದರಡಿ ಇಟ್ಟ ಜಾಕುಗಳನ್ನೆಲ್ಲ ಒಂದೇ ಸಮನೆ ಏರಿಸಿ ನೂರು ಮೀಟರಿನಾಚೆಗೆ ಒಯ್ದರು. ಒಂದು ಮೂಲೆ ಸ್ವಲ್ಪ ಮುಂಚೆ ಎದ್ದಿದ್ದರೂ ಗೋಡೆ ಬಿರುಕು ಬಿಡುತ್ತಿತ್ತು. ಮನಸ್ಸು ಮಾಡಿದರೆ ಹಳೆಯದನ್ನು ಉಳಿಸಿಕೊಂಡೇ ಹೊಸದನ್ನು ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಳೆಯ ರೈಲು ದಾರಿಯನ್ನೇ ಉಳಿಸಿಕೊಂಡವರೂ ಇದ್ದಾರೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಟ್ಯಾಲಿಲ್ಲಿನ್ ಎಂಬ ಪುಟ್ಟ ರೈಲು ದಾರಿ ಇದೆ. 1865ರಲ್ಲಿ ಗಣಿಯಿಂದ ಚಪ್ಪಡಿ ಕಲ್ಲು ಸಾಗಿಸಲು ಹಾಕಿದ್ದು. ಅದು ಮುಚ್ಚುವ ಸ್ಥಿತಿಗೆ ಬಂದಾಗ ಊರೂರಿನ ಆಸಕ್ತರು ಸಂಘ ಕಟ್ಟಿಕೊಂಡು 1951ರಿಂದ ತಾವೇ ನಡೆಸತೊಡಗಿದರು. ಸ್ವಯಂಸೇವಕರು ನಡೆಸುವ ಪಾರಂಪರಿಕ ರೈಲುಗಳಲ್ಲಿ ಜಗತ್ತಿಗೇ ಅದು ಮೊದಲನೆಯದು. 2026ಕ್ಕೆ ಆ ಸೇವೆಗೆ 75 ವರ್ಷ. ಅದರ ಉದ್ದ ಏಳೂಕಾಲು ಮೈಲಿ, ಹೆಚ್ಚುಕಡಿಮೆ ನಮ್ಮ ರಾಮನಗರದಿಂದ ಚನ್ನಪಟ್ಟಣದಷ್ಟು. ಅಷ್ಟೇ ದೂರವನ್ನು ಜನ ತಮ್ಮ ರಜಾ ದಿನಗಳನ್ನು ಕೊಟ್ಟು ಮುಕ್ಕಾಲು ಶತಮಾನ ಉಳಿಸಿಕೊಂಡಿದ್ದಾರೆ.

ನಮ್ಮ ದಾರಿ ಮುಚ್ಚಿಲ್ಲ, ಹಗಲೂ ರಾತ್ರಿ ದುಡಿಯುತ್ತಿದೆ. ಅದನ್ನು ಉಳಿಸುವವರು ಬೇಕಿಲ್ಲ, ಅದರ ಕಥೆ ಉಳಿಸುವವರು ಬೇಕು. 2031ಕ್ಕೆ ಚನ್ನಪಟ್ಟಣಕ್ಕೆ ಹಳಿ ಬಂದು 150 ವರ್ಷ. ಆ ವರ್ಷ ಒಂದು ಶನಿವಾರ, ಭಾನುವಾರ ರೈಲ್ವೆಯವರ ಒಪ್ಪಿಗೆ ಪಡೆದು ರಾಮನಗರ, ಚನ್ನಪಟ್ಟಣ ನಿಲ್ದಾಣಗಳನ್ನು ಮಕ್ಕಳಿಗೆ, ಮನೆಮಂದಿಗೆ ತೆರೆದಿಡಬೇಕು. ಹಳಿಯ ತುಂಡನ್ನು ಎತ್ತಿ ನೋಡಲು ಬಿಡಬೇಕು, ಚಕ್ರದ ಅಂಚನ್ನು ಮುಟ್ಟಲು ಬಿಡಬೇಕು, ಮಂಕರಿಗೆ ಮಣ್ಣು ತುಂಬಿಸಿ ಹೊರಿಸಬೇಕು. ಇಂದಿಗೂ ಪಟ್ಟಣಕ್ಕೆ ರೈಲು ಬಾರದ ಕನಕಪುರ, ಮಾಗಡಿಯ ಶಾಲೆಗಳಿಂದ ಮಕ್ಕಳನ್ನು ಮೊದಲು ಕರೆತರಬೇಕು.

ಈ ದಾರಿಯ ಕಥೆ ಉಳಿಸಲು ದೊಡ್ಡ ದಂಡು ಬೇಡ. ಒಂದು ಕಿಲೋಮೀಟರಿಗೆ ಒಬ್ಬರಂತೆ ನಿಂತರೆ ಸಾಕು. ನಿವೃತ್ತ ಗ್ಯಾಂಗ್‌ಮನ್ ಆಗಲಿ, ಮೇಷ್ಟರಾಗಲಿ, ರೀಲರ್ ಆಗಲಿ, ಗೊಂಬೆ ಕಡೆಯುವವರಾಗಲಿ, ತಮ್ಮ ಪಾಲಿನ ಒಂದು ಕಿಲೋಮೀಟರಿನಲ್ಲಿ ಎಷ್ಟು ಮೋರಿ, ಯಾವ ಸೇತುವೆ, ಯಾವ ಊರು, ಆ ಊರಿನ ಹಿರಿಯರ ನೆನಪಿನಲ್ಲಿ ಬರದ ಯಾವ ಮಾತು ಉಳಿದಿದೆ ಎಂದು ಕೇಳಿ ಬರೆದಿಡಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕು ಹುಡುಕಿದರೆ 138 ಜನ ಸಿಗದೆ ಇರುವುದಿಲ್ಲ.