ಪರದೆಯ ಚಿತ್ರ, ಕಾಗದದ ಚಿತ್ರ

ನಿಪ್ಪಾಣಿಯ ಹೊಲದಲ್ಲಿ ಬಿಸಿಲಿಗೆ ಒಣಗುತ್ತಿದ್ದ ಬೀಡಿ ತಂಬಾಕಿನ ಎಲೆಗಳ ಚಿತ್ರವನ್ನು ನಾವು ಮೊಬೈಲ್ ಫೋನಿನಲ್ಲಿ ತೆಗೆದಿದ್ದೆವು. ಚಿಕ್ಕೋಡಿಯಲ್ಲಿ ಅದನ್ನು ಕಾಗದದ ಮೇಲೆ ಮುದ್ರಿಸಿದಾಗ, ಹೊನ್ನಿನಂತಿದ್ದ ಎಲೆಗಳು ಮಂಕು ಕಂದಾಗಿ ಬಂದವು. ಫೋಟೋ ಅಂಗಡಿಯವರನ್ನು ಆಕ್ಷೇಪಿಸಿದೆವು. ಪಾಪ, ಅವರು ತಮ್ಮ ಖರ್ಚಿನಲ್ಲಿಯೇ ಮತ್ತೊಂದು ಪ್ರತಿ ತೆಗೆದುಕೊಟ್ಟರು. ಅದೂ ಹಾಗೆಯೇ! ತಪ್ಪು ಯಾರದು?

ಪರದೆಯು ತಾನೇ ಒಂದು ದೀಪ. ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ತೋರಿಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲಿನ ವರ್ಣದ್ರವ್ಯಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಒಂದಂಶವನ್ನು ನುಂಗುತ್ತವೆ. ಉಳಿದುದಷ್ಟೇ ನಮ್ಮ ಕಣ್ಣಿಗೆ. ಲೆಕ್ಕ ಹಾಕಿ ನೋಡೋಣ. 100 ಲಕ್ಸ್ ಬೆಳಕಿನ ಕೋಣೆಯಲ್ಲಿ, ಶೇಕಡಾ 90ರಷ್ಟು ಬೆಳಕನ್ನು ಹಿಂದಿರುಗಿಸುವ ಬಿಳಿಯ ಕಾಗದದ ಹೊಳಪು ಚದರ ಮೀಟರಿಗೆ ಸುಮಾರು 29 ಕ್ಯಾಂಡೆಲಾ. ಇಂದಿನ ಫೋನಿನ ಪರದೆಯೋ, ಪೂರ್ಣ ಹೊಳಪಿನಲ್ಲಿ 400ನ್ನು ಸುಲಭವಾಗಿ ಮೀರುತ್ತದೆ. ಇನ್ನು ಕಾಗದವು ಮಂಕಾಗಿ ಕಾಣದೆ ಏನಾದೀತು?

ಬಿಳುಪಿನಲ್ಲಿಯೂ ಭೇದವುಂಟು. 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಆರ್‌ಜಿಬಿ ಪದ್ಧತಿಯಲ್ಲಿ ಪರದೆಯ ಬಿಳುಪು ಸುಮಾರು 6500 ಕೆಲ್ವಿನ್. ಮುದ್ರಿತ ಪ್ರತಿಯನ್ನು ಪರೀಕ್ಷಿಸುವ ಬೆಳಕಿಗೆ ಮುದ್ರಣದವರ ಮಾನಕ 5000. ಪರದೆಯು ನೀಲಿಯತ್ತ ವಾಲುತ್ತದೆ.

ಮರುದಿನ ಮುಂಜಾನೆ ಕಾಲೇಜಿನ ಪಡಸಾಲೆಯಲ್ಲಿ, ಫೋನಿನ ಮಗ್ಗುಲಿಗೆ ಒಂದು ಬಿಳಿಯ ಹಾಳೆಯನ್ನಿಟ್ಟು, ಪರದೆಯ ಬಿಳುಪು ಹಾಳೆಗೆ ಸರಿದೂಗುವಂತೆ ಹೊಳಪನ್ನು ಹೊಂದಿಸಿದೆವು. ಬಳಿಕ ಹಾಳೆಯ ಜಾಗದಲ್ಲಿ ಪ್ರತಿಯನ್ನಿಟ್ಟೆವು. ಎಲೆಗಳಿಗೆ ಹೊನ್ನು ಬಹುಮಟ್ಟಿಗೆ ಮರಳಿತ್ತು! ಸಂಜೆ ಅಂಗಡಿಗೆ ಹೋಗಿ ಎರಡನೆಯ ಪ್ರತಿಯ ದುಡ್ಡು ಕೊಟ್ಟು ಬಂದೆವು.